ನರಕೋಶದೊಳಗಿನ ಸಾಗಣೆ ಮತ್ತು ಮನೋರೋಗ

ಮಂಡ್ಯದ ಬಳಿಯ ವಿ.ಸಿ. ಫಾರಮಿಗೆ ಆ ಹೆಸರು ಬಂದುದು ವಿಶ್ವೇಶ್ವರಯ್ಯ ನಾಲೆಯಿಂದ. ಕೃಷ್ಣರಾಜಸಾಗರದ ನೀರು ಇಳಿಜಾರನ್ನು ಅನುಸರಿಸಿ ಈ ನಾಲೆಯಲ್ಲಿ ತಾನಾಗಿಯೇ ಹರಿಯುತ್ತದೆ. ಆದರೆ ಆ ನೀರಿನಿಂದ ಬೆಳೆದ ಕಬ್ಬು ತಾನಾಗಿ ಕಾರ್ಖಾನೆಯನ್ನು ಸೇರಲಾರದು. ಅದಕ್ಕೆ ದಾರಿ ಬೇಕು, ಗಾಡಿ ಬೇಕು, ಎಳೆಯುವ ಎತ್ತುಗಳು ಬೇಕು. ನಮ್ಮ ನರಕೋಶಗಳೊಳಗಿನ ಸಾಗಣೆಯು ಬಹುಮಟ್ಟಿಗೆ ಈ ಕಬ್ಬಿನ ಗಾಡಿಯನ್ನು ಹೋಲುತ್ತದೆ.

ನರಕೋಶದ ಕಾಯವು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು. ಆದರೂ ಬೆನ್ನುಹುರಿಯಿಂದ ಪಾದದವರೆಗೆ ಇಳಿಯುವ ಅದರ ಎಳೆ, ಎಂದರೆ ಅಕ್ಷತಂತು, ಸುಮಾರು 1 ಮೀಟರ್ ಉದ್ದವಿರಬಹುದು. ತುದಿಗೆ ಬೇಕಾದ ಸಸಾರಜನಕಗಳಲ್ಲಿ ಬಹುಪಾಲು ಕೋಶಕಾಯದಲ್ಲಿಯೇ ತಯಾರಾಗತಕ್ಕವು. ಅವನ್ನು ಸಾಗಿಸಲು ತಂತುವಿನ ಉದ್ದಕ್ಕೂ ಸೂಕ್ಷ್ಮನಾಳಗಳೆಂಬ ದಾರಿಗಳಿವೆ. ಹೊರೆಯನ್ನು ತುದಿಯ ಕಡೆಗೆ ಎಳೆಯುವ ಅಣು ಕೈನೆಸಿನ್; ಇದನ್ನು 1985ರಲ್ಲಿ ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪ ನರತಂತುವಿನ ಅಧ್ಯಯನದಿಂದ ಕಂಡುಹಿಡಿಯಲಾಯಿತು. ಹಿಂದಕ್ಕೆ ಎಳೆದು ತರುವ ಅಣು ಡೈನೀನ್. ಕೈನೆಸಿನ್ನಿನ ಒಂದು ಹೆಜ್ಜೆ ಕೇವಲ 8 ನ್ಯಾನೋಮೀಟರ್. 1 ಮಿಲಿಮೀಟರ್ ಕ್ರಮಿಸಲು ಅದು 1,25,000 ಹೆಜ್ಜೆಗಳನ್ನಿಡಬೇಕು. ಹಾಗಿದ್ದೂ ವೇಗದ ಹೊರೆಗಳು ದಿನಕ್ಕೆ 400 ಮಿಲಿಮೀಟರಿನಷ್ಟು ದೂರ ಸಾಗಬಲ್ಲವು.

ಈ ಸಾಗಣೆಗೂ ಮನೋರೋಗಕ್ಕೂ ಏನು ಸಂಬಂಧ? ಸ್ಕಾಟ್ಲೆಂಡಿನ ಒಂದು ಕುಟುಂಬದಲ್ಲಿ 1 ಮತ್ತು 11ನೆಯ ವರ್ಣತಂತುಗಳ ತುಂಡುಗಳು ಅದಲುಬದಲಾಗಿದ್ದವು. ಈ ವ್ಯತ್ಯಾಸವುಳ್ಳ ಅನೇಕರಲ್ಲಿ ಸ್ಕಿಜೋಫ್ರೀನಿಯ ಅಥವಾ ತೀವ್ರ ಖಿನ್ನತೆ ತೋರಿಬಂದಿತ್ತು. ಹೀಗೆ ತುಂಡಾದ ಜೀನನ್ನು 2000ದಲ್ಲಿ ಗುರುತಿಸಿ ಡಿಸ್ಕ್-1 ಎಂದು ಹೆಸರಿಸಿದರು. ಅದರಿಂದಾಗುವ ಸಸಾರಜನಕವು ಕೈನೆಸಿನ್ನಿನೊಡನೆ ಕೂಡಿಕೊಳ್ಳುವುದೆಂದೂ, ಕೋಶಕ್ಕೆ ಶಕ್ತಿಯನ್ನೊದಗಿಸುವ ಮೈಟೋಕಾಂಡ್ರಿಯಗಳ ಸಾಗಣೆಯಲ್ಲಿ ಪಾಲ್ಗೊಳ್ಳುವುದೆಂದೂ ಮುಂದೆ ತಿಳಿದುಬಂತು. ನರಕೋಶಗಳು ಸಂಧಿಸುವೆಡೆಗೆ ಶಕ್ತಿಯೂ ಸಾಮಗ್ರಿಯೂ ಸಕಾಲದಲ್ಲಿ ತಲುಪದಿದ್ದರೆ ಸಂದೇಶಗಳ ವಿನಿಮಯ ಕುಂದುವುದು ಸಹಜವಷ್ಟೆ. ಆದರೆ ಇದು ಅಪೂರ್ವವಾದ ಒಂದು ಉದಾಹರಣೆ. ಮನೋರೋಗಗಳಿಗೆ ಸಾಮಾನ್ಯವಾಗಿ ಹಲವು ಜೀನುಗಳೂ ಬಾಳಿನ ಸಂದರ್ಭಗಳೂ ಕೂಡಿಯೇ ಕಾರಣವಾಗುತ್ತವೆ. ಎಲ್ಲವನ್ನೂ ಸಾಗಣೆಯ ತೊಡಕಿನ ಮೇಲೆ ಹೊರಿಸಲಾಗದು.

ಜೀವಂತ ಮನುಷ್ಯನ ಮಿದುಳನ್ನು ತೆರೆದು ನರಕೋಶಗಳನ್ನು ಪರೀಕ್ಷಿಸುವಂತಿಲ್ಲ. ಇದಕ್ಕೆ ಒಂದು ಉಪಾಯವುಂಟು. ಬೆಂಗಳೂರಿನ ನಿಮ್ಹಾನ್ಸ್, ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಮತ್ತು ಇನ್‌ಸ್ಟೆಮ್ ಸಂಸ್ಥೆಗಳು 2016ರಲ್ಲಿ ಜತೆಗೂಡಿ ಆರಂಭಿಸಿದ ಸಂಶೋಧನೆಯಲ್ಲಿ, ಹಲವರು ಮನೋರೋಗಕ್ಕೆ ತುತ್ತಾದ ಕುಟುಂಬಗಳವರ ರಕ್ತಕೋಶಗಳನ್ನು ಆಕರಕೋಶಗಳಾಗಿ ಮಾರ್ಪಡಿಸಿ, ಅವುಗಳಿಂದ ಪ್ರಯೋಗಶಾಲೆಯಲ್ಲಿಯೇ ನರಕೋಶಗಳನ್ನು ಬೆಳೆಸುತ್ತಾರೆ. ರೋಗಿಯ ನರಕೋಶಕ್ಕೂ ನಿರೋಗಿಯಾದ ಒಡಹುಟ್ಟಿದವರ ನರಕೋಶಕ್ಕೂ ಇರುವ ಭೇದವನ್ನು ಹೀಗೆ ಹೋಲಿಸಿ ನೋಡಬಹುದು.

ಮನೋರೋಗವನ್ನು ದೆವ್ವದ ಕಾಟವೆಂದೋ ರೋಗಿಯ ಸೋಮಾರಿತನವೆಂದೋ ಬಗೆಯುವವರು ನಮ್ಮ ಹಳ್ಳಿಪಟ್ಟಣಗಳಲ್ಲಿ ಇಂದಿಗೂ ಇದ್ದಾರೆ. ಗಾಡಿ ದಾರಿಯಲ್ಲಿ ನಿಂತರೆ ಕಬ್ಬನ್ನು ಹಳಿದು ಫಲವಿಲ್ಲ. ಹಾಗೆಯೇ ರೋಗಿಯನ್ನು ಹಳಿಯದೆ, ಬೇರೆ ಯಾವುದೇ ಕಾಯಿಲೆಯಲ್ಲಿ ಮಾಡುವಂತೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯುವುದೇ ವಿವೇಕ.