ಒಂದೇ ಒಂದು ಪೌಂಡ್ ವ್ಯತ್ಯಾಸ: 39ರ ಮಾರ್ಕೆಜ್ ಪ್ಯಾಕಿಯಾವೊನನ್ನು ಬೀಳಿಸಿದ್ದು ಹೇಗೆ?

ವಿಡಿಯೋ ನೋಡೋಕೆ ಟೈಮ್ ಸಿಗದೆ ಇರೋರಿಗೆ ಅಂತ, ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಕೊಡ್ತಾ ಇದ್ದೀವಿ.

ಇವತ್ತಿನ ವಿಷಯ ಬಾಕ್ಸಿಂಗ್. ಪ್ರಶ್ನೆ ಸರಳವಾಗಿದೆ. ಒಬ್ಬ ಬಾಕ್ಸರ್‌ಗೆ ವಯಸ್ಸಾಗ್ತಾ ಇದೆ. ಹಳೇ ಎದುರಾಳಿ ಜೊತೆ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಆದ್ರೆ ಆ ಎದುರಾಳಿ ಈಗ ಮೇಲಿನ ತೂಕದ ವರ್ಗಕ್ಕೆ ಹೋಗಿಬಿಟ್ಟಿದ್ದಾನೆ. ಮತ್ತೆ ಅವನ ಎದುರು ನಿಲ್ಲಬೇಕು ಅಂದ್ರೆ ಇವನೂ ಮೈ ತೂಕ ಹೆಚ್ಚಿಸಿಕೊಳ್ಳಬೇಕು. ಚೆನ್ನಾಗಿ ತಿಂದು ದಪ್ಪ ಆದ್ರೆ ಆಯ್ತಲ್ಲ, ಅದರಲ್ಲೇನಿದೆ ಅಂತೀರಾ? ಅಲ್ಲೇ ಇರೋದು ವಿಷಯ. ಇದಕ್ಕೆ ಮೆಕ್ಸಿಕೋದ ಹುವಾನ್ ಮ್ಯಾನುಯೆಲ್ ಮಾರ್ಕೆಜ್‌ಗಿಂತ ಒಳ್ಳೇ ಉದಾಹರಣೆ ಸಿಗೋದು ಕಷ್ಟ.

ಲೆಕ್ಕಿಗನ ಲೆಕ್ಕ

ಮಾರ್ಕೆಜ್ ಹುಟ್ಟಿದ್ದು 1973ರಲ್ಲಿ. ಓದಿದ್ದು ಅಕೌಂಟಿಂಗ್. ಬಾಕ್ಸಿಂಗ್ ಜೊತೆಜೊತೆಗೆ ಲೆಕ್ಕ ಬರೆಯೋ ಕೆಲಸಾನೂ ಮಾಡಿದವನು. ರಿಂಗ್‌ನಲ್ಲೂ ಹಾಗೇ. ನುಗ್ಗಿ ಹೊಡೆಯೋನಲ್ಲ. ಎದುರಿನವನು ಹೊಡೆಯೋವರೆಗೂ ಕಾದು, ಆ ಹೊಡೆತದ ಸಂದಿಯಲ್ಲೇ ತನ್ನ ಪೆಟ್ಟು ಕೊಡೋನು. ಇದಕ್ಕೆ ಕೌಂಟರ್ ಪಂಚಿಂಗ್ ಅಂತಾರೆ. ಕಲಿಸಿದ ಗುರು ನಾಚೊ ಬೆರಿಸ್ಟೈನ್.

ಎದುರಾಳಿ ಫಿಲಿಪೀನ್ಸ್‌ನ ಮ್ಯಾನಿ ಪ್ಯಾಕಿಯಾವೊ. ಐದು ವರ್ಷ ಚಿಕ್ಕವನು, ಎಡಗೈ ಬಾಕ್ಸರ್, ಮಿಂಚಿನ ವೇಗ.

ಮೊದಲ ಪಂದ್ಯ 2004ರ ಮೇ 8ರಂದು, 126 ಪೌಂಡ್ ವರ್ಗದಲ್ಲಿ. ಅಂದ್ರೆ ಸುಮಾರು 57 ಕಿಲೋ. ಮೊದಲ ರೌಂಡ್‌ನಲ್ಲೇ ಮಾರ್ಕೆಜ್ ಮೂರು ಸಲ ನೆಲಕ್ಕೆ ಬಿದ್ದ. ಆದ್ರೂ ಎದ್ದು ನಿಂತು ಪಂದ್ಯವನ್ನ ಡ್ರಾ ಮಾಡಿಕೊಂಡ. ಇಲ್ಲೊಂದು ಸಂಗತಿ ಇದೆ. ಸಾಮಾನ್ಯವಾಗಿ ರೌಂಡ್ ಗೆದ್ದವನಿಗೆ 10, ಸೋತವನಿಗೆ 9 ಅಂಕ. ಪ್ರತಿ ಸಲ ಬಿದ್ದಾಗಲೂ ಇನ್ನೊಂದು ಅಂಕ ಹೋಗುತ್ತೆ. ಮೂರು ಸಲ ಬಿದ್ದರೆ 10-6 ಆಗಬೇಕು. ಒಬ್ಬ ಜಡ್ಜ್ 10-7 ಅಂತ ಬರೆದಿದ್ದರು, ಆಮೇಲೆ ಅದು ತಪ್ಪು ಅಂತ ಒಪ್ಪಿಕೊಂಡರು. ಸರಿಯಾಗಿ ಬರೆದಿದ್ದರೆ ಅವತ್ತು ಗೆಲುವು ಪ್ಯಾಕಿಯಾವೊನದು.

ಎರಡನೇ ಪಂದ್ಯ 2008ರ ಮಾರ್ಚ್ 15ರಂದು, 130 ಪೌಂಡ್‌ನಲ್ಲಿ. ಇಬ್ಬರು ಜಡ್ಜ್‌ಗಳು ಪ್ಯಾಕಿಯಾವೊ ಅಂದ್ರು, ಒಬ್ಬರು ಮಾರ್ಕೆಜ್ ಅಂದ್ರು. ಇಬ್ಬರಲ್ಲೊಬ್ಬರ ಕಾರ್ಡ್‌ನಲ್ಲಿ ಅಂತರ ಒಂದೇ ಅಂಕ, 114-113. ಮೂರನೇ ರೌಂಡ್‌ನಲ್ಲಿ ಮಾರ್ಕೆಜ್ ಒಂದು ಸಲ ಬಿದ್ದಿದ್ದ. ಅದೊಂದೇ ಪಂದ್ಯವನ್ನ ಕಿತ್ತುಕೊಂಡಿತು. ಗೆದ್ದಿದ್ದು ನಾನೇ ಅಂತ ಮಾರ್ಕೆಜ್ ಆವತ್ತಿಂದ ಹೇಳ್ತಾನೇ ಬಂದ.

ಪ್ಯಾಕಿಯಾವೊ ಮಾತ್ರ ಅಲ್ಲಿ ನಿಲ್ಲಲಿಲ್ಲ. ಅದೇ ವರ್ಷ ಡಿಸೆಂಬರ್‌ನಲ್ಲಿ 147 ಪೌಂಡ್‌ಗೆ ಹೋಗಿ ಆಸ್ಕರ್ ಡಿ ಲಾ ಹೋಯಾನನ್ನ ಸೋಲಿಸಿದ. 2009ರಲ್ಲಿ ರಿಕಿ ಹ್ಯಾಟನ್, ಮಿಗೆಲ್ ಕೊಟ್ಟೊ. ಎದುರಾಳಿ ಮಹಡಿ ಹತ್ತಿ ಕೂತ. ಕೆಳಗೆ ನಿಂತು ಕೂಗಿದ್ರೆ ಉಪಯೋಗ ಇಲ್ಲ. ಮಾರ್ಕೆಜ್ ಮೆಟ್ಟಿಲು ಹತ್ತಲೇಬೇಕಾಯ್ತು.

ತೂಕ ಏರಿಸೋದು ಯಾಕೆ ಕಷ್ಟ?

126ರಿಂದ 147 ಪೌಂಡ್ ಅಂದ್ರೆ ಹೆಚ್ಚುಕಡಿಮೆ ಒಂಬತ್ತೂವರೆ ಕಿಲೋ. ಊರಿಗೆ ಫ್ಲೈಟ್‌ನಲ್ಲಿ ಹೋಗುವಾಗ ಕೈಯಲ್ಲಿ ಹಿಡ್ಕೊಳ್ಳೋ 7 ಕಿಲೋ ಬ್ಯಾಗ್ ನೆನಪಿಸಿಕೊಳ್ಳಿ. ಅದಕ್ಕಿಂತ ಭಾರವಾದದ್ದನ್ನ ಮೈಗೆ ಕಟ್ಟಿಕೊಂಡು 12 ರೌಂಡ್ ಕುಣಿಯಬೇಕು.

ತೊಂದರೆ ಮೂರು ಕಡೆಯಿಂದ ಬರುತ್ತೆ. ಒಂದು, ಹೊಸ ಮಾಂಸಖಂಡಕ್ಕೂ ರಕ್ತ ಬೇಕು, ಆಮ್ಲಜನಕ ಬೇಕು. ಹೃದಯ, ಶ್ವಾಸಕೋಶ ಮಾತ್ರ ಹಳೇವೇ. ಹಾಗಾಗಿ ದಮ್ಮು ಬೇಗ ಮುಗಿಯುತ್ತೆ. ಎರಡು, ಮಾಂಸ ಬೆಳೆಸಬಹುದು, ಮೂಳೆ ಬೆಳೆಸೋಕಾಗಲ್ಲ. ತೋಳಿನ ಉದ್ದ, ಭುಜದ ಅಗಲ, ಕತ್ತು ಎಲ್ಲಾ ಹಳೇದೇ. ಎದುರಿಗೆ ನಿಂತೋನು ಮಾತ್ರ ಹುಟ್ಟಾ ದೊಡ್ಡಾಳು.

ಮೂರನೇದು ಹೊರಗಿನವರಿಗೆ ಅಷ್ಟಾಗಿ ಗೊತ್ತಿರಲ್ಲ. ತೂಕ ನೋಡೋದು ಸಾಮಾನ್ಯವಾಗಿ ಪಂದ್ಯದ ಹಿಂದಿನ ದಿನ. ದೊಡ್ಡ ದೇಹದೋರು ಬೆವರಿಳಿಸಿ, ನೀರು ಬಿಟ್ಟು, ಒಣಗಿ ಮಿತಿಯೊಳಗೆ ಬರ್ತಾರೆ. ತೂಕದ ಯಂತ್ರದಿಂದ ಇಳಿದ ತಕ್ಷಣ ಕುಡಿದು ತಿಂದು ಮರುದಿನಕ್ಕೆ ಮತ್ತೆ ತುಂಬಿಕೊಳ್ತಾರೆ. ಅಂದ್ರೆ 147 ಅಂತ ಬರೆದಿದ್ರೂ ರಾತ್ರಿ ರಿಂಗ್‌ಗೆ ಬರೋನು 147 ಅಲ್ಲ. ಕೆಳಗಿಂದ ಬಂದವನಿಗೆ ಈ ಲಾಭ ಇಲ್ಲ.

ಇದರ ಮೇಲೆ ವಯಸ್ಸು ಬೇರೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ನಮ್ಮಲ್ಲಿ ಗಾದೆ ಇದೆಯಲ್ಲ. ಮೂವತ್ತೈದು ದಾಟಿದ ಬಾಕ್ಸರ್‌ಗೆ ಮೊದಲು ಕೈಕೊಡೋದು ಕಾಲಿನ ವೇಗ, ಆಮೇಲೆ ಕಣ್ಣು-ಕೈ ಹೊಂದಾಣಿಕೆ. ಪೆಟ್ಟಿನ ಬಲ ಹೋಗೋದು ಕೊನೆಗೆ. ತೂಕ ಏರಿಸಿದ್ರೆ, ಈಗಾಗಲೇ ಹೋಗ್ತಾ ಇರೋ ವೇಗವನ್ನ ನಾವೇ ಕತ್ತು ಹಿಡಿದು ಆಚೆ ಹಾಕಿದಂಗೆ.

2009ರಲ್ಲಿ ಕಲಿತ ಪಾಠ

ಇದೆಲ್ಲಾ ಬರೀ ಸಿದ್ಧಾಂತ ಅಲ್ಲ. 2009ರ ಸೆಪ್ಟೆಂಬರ್ 19ರಂದು ಮಾರ್ಕೆಜ್ ಇದನ್ನ ಮೈಮೇಲೆ ಅನುಭವಿಸಿದ. 135 ಪೌಂಡ್‌ನಲ್ಲಿ ಚಾಂಪಿಯನ್ ಆಗಿದ್ದವನು ನೇರವಾಗಿ 144ರ ಒಪ್ಪಂದಕ್ಕೆ ಸಹಿ ಹಾಕಿ ಫ್ಲಾಯ್ಡ್ ಮೇವೆದರ್ ಎದುರು ನಿಂತ. ತಯಾರಿ ಹೇಗಿತ್ತು ಗೊತ್ತಾ? ಬೆಟ್ಟದ ಮೇಲೆ ಬಂಡೆ ಎತ್ತಿ ಎಸೆಯೋದು, ಹಸಿ ಮೊಟ್ಟೆ ಕುಡಿಯೋದು, ತನ್ನ ಮೂತ್ರವನ್ನೇ ತಾನು ಕುಡಿಯೋದು. ಟಿವಿಯಲ್ಲಿ ಜಗತ್ತೇ ನೋಡ್ತು. ತೂಕದ ದಿನ ಮಾರ್ಕೆಜ್ 142 ಬಂದ. ಮೇವೆದರ್ ಒಪ್ಪಂದ ಮೀರಿ 146 ಬಂದು, ದಂಡ ಕಟ್ಟಿ ಆಡಿದ.

ಎರಡನೇ ರೌಂಡ್‌ನಲ್ಲೇ ಮಾರ್ಕೆಜ್ ಬಿದ್ದ. 12 ರೌಂಡ್‌ನಲ್ಲಿ ಆತ 583 ಪೆಟ್ಟು ಎಸೆದ, ತಾಗಿದ್ದು 69. ಮೂರೂ ಜಡ್ಜ್‌ಗಳ ಕಾರ್ಡ್‌ನಲ್ಲಿ ಸೋಲು. ತೂಕ ಬಂದಿತ್ತು, ಆದ್ರೆ ಅದು ಬಲ ಆಗಿರಲಿಲ್ಲ, ಬರೀ ಹೊರೆ ಆಗಿತ್ತು.

142, 142, 143

ಈಗ ಈ ಮೂರು ಸಂಖ್ಯೆ ಗಮನಿಸಿ. 2009ರಲ್ಲಿ ಮೇವೆದರ್ ಎದುರು ಮಾರ್ಕೆಜ್ ತೂಗಿದ್ದು 142 ಪೌಂಡ್. 2011ರ ನವೆಂಬರ್ 12ರಂದು ಪ್ಯಾಕಿಯಾವೊ ಜೊತೆ ಮೂರನೇ ಪಂದ್ಯದಲ್ಲೂ 142. 2012ರ ಡಿಸೆಂಬರ್ 8ರಂದು, 147ರ ವರ್ಗದಲ್ಲಿ ನಡೆದ ನಾಲ್ಕನೇ ಪಂದ್ಯದಲ್ಲಿ 143.

ಮೂರು ವರ್ಷದಲ್ಲಿ ಯಂತ್ರ ತೋರಿಸಿದ ವ್ಯತ್ಯಾಸ ಒಂದೇ ಒಂದು ಪೌಂಡ್, ಅರ್ಧ ಕಿಲೋನೂ ಇಲ್ಲ. ಆದ್ರೆ ರಿಂಗ್‌ನಲ್ಲಿ ಕಂಡಿದ್ದು ಬೇರೆ ಬೇರೆ ಮನುಷ್ಯರು. ಮೊದಲನೇ 142 ಆತುರದಲ್ಲಿ ತುಂಬಿಸಿದ ಚೀಲ. ಕೊನೇ 143ರಲ್ಲಿ ಕೊಬ್ಬು ಕಡಿಮೆ, ಸ್ನಾಯು ಹೆಚ್ಚು, ಜೊತೆಗೆ ಆ ದೇಹದಲ್ಲಿ ಬದುಕಿ ಅಭ್ಯಾಸ ಆದ ಮೂರು ವರ್ಷ. ಮಿತಿಗಿಂತ ನಾಲ್ಕು ಪೌಂಡ್ ಕಡಿಮೆ ಇದ್ದಿದ್ದರಿಂದ ನೀರು ಬಿಟ್ಟು ಒಣಗೋ ಪ್ರಮೇಯವೂ ಇರಲಿಲ್ಲ. ತೂಕದ ವರ್ಗ ಏರೋದು ಅಂದ್ರೆ ಮಿತಿ ಮುಟ್ಟೋದಲ್ಲ. ಆ ಮಿತಿಯೊಳಗೆ ತನಗೆ ಸರಿಹೊಂದೋ ಜಾಗ ಹುಡುಕಿಕೊಳ್ಳೋದು.

ಮೂರನೇ ಪಂದ್ಯ ಮಾರ್ಕೆಜ್ ಗೆದ್ದ ಅಂತಲೇ ಎಷ್ಟೋ ಜನ ಅಂದುಕೊಂಡಿದ್ರು. ಜಡ್ಜ್‌ಗಳು ಒಪ್ಪಲಿಲ್ಲ: ಒಬ್ಬರು ಸಮ ಅಂದ್ರು, ಇಬ್ಬರು ಪ್ಯಾಕಿಯಾವೊ ಅಂದ್ರು. ಹಾಗಾಗಿ ನಾಲ್ಕನೇ ಸಲ ಇಬ್ಬರಿಗೂ ನಾಕೌಟೇ ಬೇಕಿತ್ತು. ಗೆದ್ದರೂ ಜನ ನಂಬಲ್ಲ ಅನ್ನೋ ಸಂಕಟ ಪ್ಯಾಕಿಯಾವೊಗೆ, ಗೆಲ್ಲಲು ಬಿಡಲ್ಲ ಅನ್ನೋ ಸಿಟ್ಟು ಮಾರ್ಕೆಜ್‌ಗೆ.

ಮೂರನೇ ರೌಂಡ್‌ನಲ್ಲಿ ಮಾರ್ಕೆಜ್ ಬಲಗೈಯನ್ನ ಮೇಲಿಂದ ಸುತ್ತಿ ಹೊಡೆದ, ಪ್ಯಾಕಿಯಾವೊ ಬಿದ್ದ. ನಾಲ್ಕು ಪಂದ್ಯಗಳಲ್ಲಿ ಮಾರ್ಕೆಜ್ ಅವನನ್ನ ಬೀಳಿಸಿದ್ದು ಅದೇ ಮೊದಲು. ಐದನೇ ರೌಂಡ್‌ನಲ್ಲಿ ಪ್ಯಾಕಿಯಾವೊನ ಎಡಗೈಗೆ ಮಾರ್ಕೆಜ್ ಬಿದ್ದ. ಮೂಗಿಂದ ರಕ್ತ ಸುರೀತಾ ಇತ್ತು. ಐದು ರೌಂಡ್ ಮುಗಿದಾಗ ಮೂವರು ಜಡ್ಜ್‌ಗಳೂ 47-46 ಅಂತ ಪ್ಯಾಕಿಯಾವೊನನ್ನೇ ಮುಂದಿಟ್ಟಿದ್ದರು. ಮತ್ತದೇ ಕತೆ ಅನ್ನಿಸೋ ಹೊತ್ತು.

ಆರನೇ ರೌಂಡ್ ಮುಗಿಯೋಕೆ ಒಂದು ಸೆಕೆಂಡ್ ಬಾಕಿ. ಪ್ಯಾಕಿಯಾವೊ ಮತ್ತೊಂದು ಸಲ ಒಳಗೆ ನುಗ್ಗಿದ. ಮಾರ್ಕೆಜ್ ಒಂಚೂರು ಪಕ್ಕಕ್ಕೆ ಸರಿದು ಗಿಡ್ಡನೆಯ ಬಲಗೈ ಪೆಟ್ಟು ಕೊಟ್ಟ. ಪ್ಯಾಕಿಯಾವೊ ಮುಖ ಅಡಿಯಾಗಿ ಬಿದ್ದವನು ಕದಲಲಿಲ್ಲ. ರಿಂಗ್ ಪಕ್ಕದಲ್ಲಿದ್ದ ಅವನ ಹೆಂಡತಿ ಅಳೋಕೆ ಶುರು ಮಾಡಿದ್ರು. ಕೆಲವು ಕ್ಷಣ ಇಡೀ ಸಭಾಂಗಣಕ್ಕೆ ಗೆಲುವು ಮರೆತು ಭಯ ಹಿಡಿದಿತ್ತು. ಆಮೇಲೆ ಪ್ಯಾಕಿಯಾವೊ ಎದ್ದ, ಮಾತಾಡಿದ. 'ದಿ ರಿಂಗ್' ಪತ್ರಿಕೆ ಅದನ್ನೇ ವರ್ಷದ ಪಂದ್ಯ, ವರ್ಷದ ನಾಕೌಟ್ ಅಂತ ಆರಿಸಿತು.

ಆ ಪೆಟ್ಟಿನ ಬಲ ಬಂದಿದ್ದು ಎಲ್ಲಿಂದ? ಅರ್ಧ ಬಲ ಪ್ಯಾಕಿಯಾವೊನದೇ. ಓಡಿ ಬರ್ತಾ ಇರೋನಿಗೆ ಎದುರಿಂದ ಬಾಗಿಲು ತೆಗೆದಂಗೆ. ಅವನು ಯಾವ ಕಾಲು ಹೇಗಿಟ್ಟು ಒಳಗೆ ಬರ್ತಾನೆ ಅನ್ನೋದನ್ನ ಮಾರ್ಕೆಜ್ 2004ರಿಂದ ಓದ್ತಾ ಇದ್ದ. ಅದು ಇಬ್ಬರ ನಡುವಿನ 42ನೇ ರೌಂಡ್. 39ರ ವಯಸ್ಸಲ್ಲಿ ಕಣ್ಣು ನಿಧಾನ ಆಗಿರಬಹುದು, ಆದ್ರೆ ಮುಂದೇನು ಬರುತ್ತೆ ಅಂತ ಮೊದಲೇ ಗೊತ್ತಿದ್ದವನಿಗೆ ವೇಗ ಅಷ್ಟು ಬೇಕಾಗಲ್ಲ. ಹೊಸ ಸ್ನಾಯು ಮಾಡಿದ್ದು ಇಷ್ಟು: ಐದನೇ ರೌಂಡ್‌ನಲ್ಲಿ ಬಿದ್ದ ಮೇಲೂ ಆ ಕ್ಷಣದವರೆಗೆ ಆತನನ್ನ ಕಾಲ ಮೇಲೆ ನಿಲ್ಲಿಸಿತು.

ಅನುಮಾನದ ಮಾತು

ಇಷ್ಟು ಹೇಳಿ ಇದನ್ನ ಹೇಳದೆ ಹೋದ್ರೆ ಕತೆ ಅರ್ಧ ಆಗುತ್ತೆ. 2011ರಿಂದ ಮಾರ್ಕೆಜ್‌ನ ದೈಹಿಕ ತರಬೇತಿ ನೋಡಿಕೊಂಡವನು ಆಂಹೆಲ್ ಹೆರೆಡಿಯಾ. ಹಿಂದೆ ಓಟಗಾರರಿಗೆ ನಿಷೇಧಿತ ಮದ್ದು ಪೂರೈಸಿದ್ದೆ ಅಂತ ಅಮೆರಿಕದ ನ್ಯಾಯಾಲಯದಲ್ಲಿ ತಾನೇ ಸಾಕ್ಷಿ ಹೇಳಿದ್ದವನು. ಹಾಗಾಗಿ 39ರಲ್ಲಿ ಇಂಥ ಮೈಕಟ್ಟು ಹೇಗೆ ಬಂತು ಅಂತ ಜನ ಕೇಳಿದ್ರು. ಕೇಳಿದ್ದು ತಪ್ಪೂ ಅಲ್ಲ.

ಇನ್ನೊಂದು ಕಡೆ, ಮಾರ್ಕೆಜ್ ಯಾವ ಡೋಪಿಂಗ್ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ. ನೆಗೆಟಿವ್ ರಿಪೋರ್ಟ್ ಅನುಮಾನವನ್ನ ಪೂರ್ತಿ ತೊಳೆಯಲ್ಲ, ನಿಜ. ಹಾಗಂತ ಅನುಮಾನವನ್ನೇ ಸಾಕ್ಷಿ ಅಂತ ಹಿಡಿಯೋಕೂ ಆಗಲ್ಲ. ವಯಸ್ಸಾದ ಆಟಗಾರ ದೇಹ ಬದಲಿಸಿಕೊಂಡ್ರೆ ತೆರಬೇಕಾದ ಬೆಲೆಯಲ್ಲಿ ಇದೂ ಒಂದು: ಸೋತ್ರೆ ಮುದುಕ ಅಂತಾರೆ, ಗೆದ್ರೆ ಹೇಗೆ ಗೆದ್ದ ಅಂತಾರೆ. ಜೊತೆಗೆ ಯಾರನ್ನ ಇಟ್ಟುಕೊಳ್ತೀವಿ ಅನ್ನೋ ಆಯ್ಕೆ ಮಾತ್ರ ಅವನದೇ. ಆ ಪ್ರಶ್ನೆಯನ್ನ ಹೊತ್ತುಕೊಂಡೇ ಅವನು ನಡೀಬೇಕು.

ಐದನೇ ಪಂದ್ಯಕ್ಕೆ ದೊಡ್ಡ ಮೊತ್ತದ ಮಾತು ಬಂತು. ಮಾರ್ಕೆಜ್ ಬೇಡ ಅಂದ. ಆಮೇಲೆ ಟಿಮೊಥಿ ಬ್ರಾಡ್ಲಿ ಎದುರು ಸೋತ, ಮೈಕ್ ಆಲ್ವರಾಡೊ ಎದುರು ಗೆದ್ದ, 2017ರಲ್ಲಿ ನಿವೃತ್ತಿ ಹೇಳಿದ. ಪ್ಯಾಕಿಯಾವೊ ಜೊತೆಗಿನ ಲೆಕ್ಕದ ಪುಸ್ತಕವನ್ನ ಮತ್ತೆ ತೆರೆಯಲೇ ಇಲ್ಲ.

ಈ ವಾರಾಂತ್ಯ ಬಿಡುವಿದ್ರೆ ಆ ನಾಲ್ಕನೇ ಪಂದ್ಯ ನೋಡಿ. ಬರೀ ಕೊನೇ ಪೆಟ್ಟನ್ನ ನೋಡಬೇಡಿ, ಅದು ಕಣ್ಣು ಮಿಟುಕಿಸೋದ್ರೊಳಗೆ ಮುಗಿದುಹೋಗುತ್ತೆ. ಮೊದಲ ರೌಂಡ್‌ನಿಂದಲೂ ಪ್ಯಾಕಿಯಾವೊ ಒಳಗೆ ನುಗ್ಗಿದಾಗಲೆಲ್ಲ ಮಾರ್ಕೆಜ್‌ನ ಬಲಗೈ ಎಲ್ಲಿರುತ್ತೆ ಅನ್ನೋದನ್ನ ನೋಡ್ತಾ ಹೋಗಿ. ಮುಂದಿನ ಮಾತುಕತೆಯಲ್ಲಿ ಸಿಗೋಣ.