ಓದುವವರು ಒಬ್ಬರು, ಬಿಡಿಸಿ ಹೇಳುವವರು ಮತ್ತೊಬ್ಬರು!

ಊರಿಗೇ ಒಂದು ಗ್ರಂಥ ಓದಿ ಹೇಳಲು ಇಬ್ಬರು ಬೇಕು! ಗದಗ ಜಿಲ್ಲೆಯ ಯಾವಗಲ್, ರೋಣ, ನರಗುಂದದ ಕಡೆ ಶ್ರಾವಣ ಬಂತೆಂದರೆ ಗುಡಿ, ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಒಬ್ಬರು ಷಟ್ಪದಿಯನ್ನು ರಾಗವಾಗಿ ಓದುತ್ತಾರೆ. ಪದ್ಯ ಮುಗಿದೊಡನೆ ಪ್ರವಚನಕಾರರು ಅದನ್ನು ಆಡುಮಾತಿನಲ್ಲಿ ಬಿಡಿಸುತ್ತಾರೆ. ಹಾರ್ಮೋನಿಯಂ, ತಬಲಾ ಜೊತೆಗಿರುತ್ತವೆ. ಅಕ್ಷರ ಬಾರದ ಅಜ್ಜಿಗೂ ಕಥೆ ಬಾಯಿಪಾಠ.

ಹೀಗೆ ಓದುವ ಗ್ರಂಥಗಳಲ್ಲಿ ಭೀಮಕವಿಯ ಬಸವಪುರಾಣವೂ ಒಂದು. ಅದು ಮುಗಿದದ್ದು 1369ರಲ್ಲಿ. ಅದರ ಮೂಲ, ಪಾಲ್ಕುರಿಕೆ ಸೋಮನಾಥನ ತೆಲುಗು ಕಾವ್ಯ.

ಇನ್ನೂ ಸೋಜಿಗವೆಂದರೆ, ಪುರಾಣ ಹೇಳಲು ಕಣ್ಣು ಕಾಣಲೇಬೇಕೆಂದಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳು ಸಂಗೀತದ ಜೊತೆ ಕೀರ್ತನ, ಪುರಾಣ, ಪ್ರವಚನಗಳನ್ನೂ ಕಲಿತರು. ಅಲ್ಲಿನ ಗುರು ಪಂಚಾಕ್ಷರಿ ಗವಾಯಿಗಳು (1892–1944) ಅಂಧರು. ಶಿಷ್ಯ ಪುಟ್ಟರಾಜ ಗವಾಯಿಗಳೂ (1914–2010) ಅಂಧರೇ, ಆದರೂ ತಾವೇ ಪುರಾಣಗಳನ್ನು ರಚಿಸಿದರು.

ಇಬ್ಬರು ಸೇರಿ ಹೇಳುವ ಈ ಕ್ರಮ ನಮ್ಮದು ಮಾತ್ರವಲ್ಲ. ಬೈಬಲಿನ ನೆಹೆಮೀಯನ ಗ್ರಂಥದ 8ನೇ ಅಧ್ಯಾಯ ನೋಡಿ. ಜೆರುಸಲೇಮಿನ ನೀರು ಬಾಗಿಲ ಮುಂದಿನ ಬಯಲಲ್ಲಿ, ಮರದ ಅಟ್ಟಣಿಗೆ ಏರಿ ಯೆಹೂದ್ಯ ಧರ್ಮಗುರು ಎಜ್ರ ಧರ್ಮಶಾಸ್ತ್ರ ಓದಿದ. ಬೆಳಗಿನಿಂದ ನಡುಹಗಲವರೆಗೆ! ಗಂಡಸರು, ಹೆಂಗಸರು ಎಲ್ಲರೂ ಕೇಳಿದರು. ದೇವಾಲಯದ ಸೇವಕರಾದ ಲೇವಿಯರು ಅರ್ಥ ಬಿಡಿಸಿದರು. ಜನ ಅಳತೊಡಗಿದಾಗ ಅವರಿಗೆ ಸಿಕ್ಕ ಅಪ್ಪಣೆ: ಅಳಬೇಡಿ, ಹೋಗಿ ಹಬ್ಬದೂಟ ಮಾಡಿ, ಇಲ್ಲದವರಿಗೂ ಕಳಿಸಿ. ಪುರಾಣ ಮಂಗಲದ ದಿನ ನಮ್ಮಲ್ಲೂ ದಾಸೋಹ ಇದ್ದೇ ಇರುತ್ತದಲ್ಲ!