ತೊಳೆಯುವ ಮುನ್ನ ಒಂದು ಕ್ಷಣ

ಕಾಸರಗೋಡಿನ ಗ್ಯಾರೇಜೊಂದರಲ್ಲಿ ಕಳೆದ ತಿಂಗಳು ನನ್ನ ಕಾರಿನ ಆಯಿಲ್ ಚೇಂಬರನ್ನು ಕಳಚಿಸಿದೆ. ಎಣ್ಣೆ ಸೋರುತ್ತಿತ್ತು, ಪ್ಯಾಕಿಂಗ್ ಬದಲಿಸಿದರೆ ಸಾಕೆಂದು ಭಾವಿಸಿದ್ದೆ. ತಳದಲ್ಲಿ ಲೋಹದ ಚೂರುಗಳು ಮಿನುಗುತ್ತಿದ್ದವು.

"ತೊಳೆದುಬಿಡಲೇ ವಕೀಲರೇ?" ಎಂದರು ಮೆಕ್ಯಾನಿಕ್. ಹೂಂ ಎನ್ನುವುದರಲ್ಲಿದ್ದೆ, ಕಕ್ಷಿದಾರರಿಗೆ ನಿತ್ಯ ಹೇಳುವ ಬುದ್ಧಿಮಾತು ನೆನಪಾಗಿ ತಡೆದೆ.

ಅಯಸ್ಕಾಂತ ಹಿಡಿದು ನೋಡಿದೆವು. ಉಕ್ಕಿನ ಚೂರು ಅದಕ್ಕೆ ಅಂಟುತ್ತದೆ. ಪಿಸ್ಟನ್ನಿನ ಅಲ್ಯೂಮಿನಿಯಂ, ಬೇರಿಂಗಿನ ಒಳಪದರದ ತಾಮ್ರ ಅಂಟುವುದಿಲ್ಲ. ಇವು ಅಂಟಲಿಲ್ಲ, ತಾಮ್ರವರ್ಣದ ತೆಳುಹಾಳೆಗಳು. ನುಣ್ಣನೆಯ ಪುಡಿಯಾಗಿದ್ದರೆ ಸಹಜ ಸವೆತವೆನ್ನಬಹುದಿತ್ತು. ಹಾಗೆಯೇ ಓಡಿಸಿದ್ದರೆ ಎಂಜಿನ್ ನಡುದಾರಿಯಲ್ಲಿ ಜಾಮ್ ಆಗಬಹುದಿತ್ತು. ಮಕ್ಕಳು ಶಾಲೆಗೆ ಹೋಗುವುದು ಅದರಲ್ಲಿಯೇ.

ಐದು ತಿಂಗಳ ಹಿಂದೆ ಈ ಕಾರನ್ನು ಮಾರಿದವರು ಹಳೆಯ ಕಾರುಗಳ ವ್ಯಾಪಾರಿ. ಆದುದರಿಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ, ವ್ಯಾಜ್ಯಕಾರಣ ಉದ್ಭವಿಸಿದ 2 ವರ್ಷಗಳೊಳಗೆ ಜಿಲ್ಲಾ ಆಯೋಗಕ್ಕೆ ದೂರು ಸಲ್ಲಿಸಬಹುದು. ನೆರೆಮನೆಯವರು ತಮ್ಮ ಸ್ವಂತ ಕಾರನ್ನು ಮಾರಿದ್ದರೆ ಈ ದಾರಿಯಿಲ್ಲ. ಸಿವಿಲ್ ನ್ಯಾಯಾಲಯವೇ ಗತಿ. ಪರೀಕ್ಷೆಯಿಲ್ಲದೆ ದೋಷವನ್ನು ನಿರ್ಧರಿಸಲಾಗದಿದ್ದರೆ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ಚೇಂಬರನ್ನು ತೊಳೆದಿದ್ದರೆ ಕಳುಹಿಸಲು ಏನಿರುತ್ತಿತ್ತು?

ಎಂಜಿನ್ ಸುಸ್ಥಿತಿಯಲ್ಲಿದೆಯೆಂದು ವ್ಯಾಪಾರಿ ಬಾಯಿಮಾತಿನಲ್ಲಿ ಹೇಳಿದ್ದರು. ನಾನು ಬರೆಸಿಕೊಳ್ಳಲಿಲ್ಲ, ವಕೀಲನಾದವನು ನಾಚಬೇಕಾದ ಸಂಗತಿ. ಈಗ ಆ ಚೂರುಗಳೂ ಹಳೆಯ ಎಣ್ಣೆಯೂ ಗಾಜಿನ ಭರಣಿಯಲ್ಲಿ, ದಿನಾಂಕ ಹಾಗೂ ಮೆಕ್ಯಾನಿಕರ ಸಹಿಯೊಡನೆ, ನನ್ನ ಕಚೇರಿಯ ಕಪಾಟಿನಲ್ಲಿವೆ. ನೋಟೀಸು ಹೋಗಿದೆ, ಉತ್ತರ ಬಂದಿಲ್ಲ.